ನಲವತ್ತೊಂದು ಲೈಸೆನ್ಸು

ದಫ್ತರದ ಗುಮಾಸ್ತರು ಮೇಜಿನ ಮೇಲಿಟ್ಟದ್ದು ಒಂದೇ ಒಂದು ಹಾಳೆ. ಇಡುವ ಮೊದಲು ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದರು. ಮೋಟಾರು ವಾಹನ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಕಳೆದು, ಇನ್ನು ಮೂರು ತಿಂಗಳಿಗೆ ನಿವೃತ್ತರಾಗಲಿದ್ದ ಆ ಮನುಷ್ಯ ಬಾಗಿಲು ಮುಚ್ಚಿ ಮಾತಾಡಿದ್ದನ್ನು ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ.

"ಇದು ನಿಮ್ಮದು ಮೇಡಂ. ನೀವೇ ಇಟ್ಕೊಳ್ಳಿ," ಎಂದರು.

ಆಯುಕ್ತೆ ಕನ್ನಡಕ ಏರಿಸಿಕೊಂಡರು. ಹಾಳೆ ಹಳದಿಗೆ ತಿರುಗಿತ್ತು. ಅದರ ನೆತ್ತಿಯಲ್ಲಿ ಅವರು ಶಾಸಕಿಯಾಗಿದ್ದ ಕಾಲದ ಮುದ್ರೆ. ಕೆಳಗೆ ದುಂಡಗಿನ ಚಂದದ ಅಕ್ಷರದಲ್ಲಿ ನಾಲ್ಕು ಸಾಲು: ಈ ಪತ್ರ ತರುವವರು ನನಗೆ ಚೆನ್ನಾಗಿ ಗೊತ್ತಿರುವವರು, ನುರಿತ ಚಾಲಕರು, ಪರೀಕ್ಷೆಯ ತೊಂದರೆ ಕೊಡದೆ ಇವರಿಗೆ ಭಾರಿ ವಾಹನದ ಲೈಸೆನ್ಸು ಕೊಡುವುದು. ಅದರಡಿ ಹಸಿರು ಶಾಯಿಯಲ್ಲಿ ಅವರದೇ ಸಹಿ, ಕೊನೆಯಲ್ಲಿ ಬಾಲ ಎಳೆದಂತೆ ಒಂದು ಗೆರೆ.

ಪತ್ರ ಹದಿನೈದು ವರ್ಷದ ಹಿಂದಿನದು. ಪತ್ರ ತಂದ ಆ ನುರಿತ ಚಾಲಕನ ಮುಖವನ್ನು ಆಯುಕ್ತೆ ಒಮ್ಮೆಯೂ ನೋಡಿದವರಲ್ಲ. ಆತ ಈಗ ಶಾಲೆಯೊಂದರ ಬಸ್ಸು ಓಡಿಸುತ್ತಿದ್ದ. ಶಾಲಾ ಬಸ್ಸಿನ ಚಾಲಕರೆಲ್ಲರ ಕಣ್ಣು ತಪಾಸಣೆಯಾಗಲಿ ಎಂದು ಹೋದ ತಿಂಗಳು ಇವರೇ ಹೊರಡಿಸಿದ ಆದೇಶದಂತೆ ತಪಾಸಣೆ ನಡೆದು, ಅವನ ಎಡಗಣ್ಣಿಗೆ ಚಿಕ್ಕಂದಿನಿಂದಲೂ ದೃಷ್ಟಿಯೇ ಇಲ್ಲವೆಂದು ವೈದ್ಯರು ಬರೆದುಕೊಟ್ಟಿದ್ದರು. ಹಾಗಿದ್ದವನಿಗೆ ಲೈಸೆನ್ಸು ಸಿಕ್ಕಿದ್ದು ಹೇಗೆ ಎಂದು ಕಡತ ತರಿಸಿದರೆ, ಕಡತಕ್ಕೆ ಮುಂಚೆ ಈ ಹಾಳೆ ಬಂದಿತ್ತು.

ಊರೆಲ್ಲ ಆಯುಕ್ತೆಯನ್ನು ಕರೆಯುತ್ತಿದ್ದುದು ಹಾರ್ನ್ ಅಕ್ಕ ಎಂದು. ಹೆಸರು ಬಿದ್ದದ್ದು ಗಂಡನ ಡ್ರೈವಿಂಗ್ ಸ್ಕೂಲಿನಲ್ಲಿ. ಎರಡು ಹಳೇ ಕಾರುಗಳ ಆ ಶಾಲೆಯಲ್ಲಿ ಹೆಂಗಸರಿಗೆ ಕಲಿಸುವ ಪಾಳಿ ಅಕ್ಕನದು. ಪಕ್ಕದ ಸೀಟಿನಲ್ಲಿ ಕುಳಿತು, ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು, "ಕ್ಲಚ್ಚು! ಕ್ಲಚ್ಚು ಬಿಡಬೇಡ ತಾಯೀ!" ಎಂದು ಅವರು ಕೂಗಿದರೆ ಮುಂದಿನ ಬೀದಿಯ ಲಾರಿಯವನೂ ಕ್ಲಚ್ಚು ಒತ್ತುತ್ತಿದ್ದನಂತೆ. ಆ ಗಂಟಲು ಒಮ್ಮೆ ಮಕ್ಕಳ ಶಾಲೆಯ ಮುಂದೆ ರಸ್ತೆ ಉಬ್ಬು ಹಾಕಿಸಲು ಪುರಸಭೆಯಲ್ಲಿ ಮೊಳಗಿತು. ಮುಂದಿನ ಚುನಾವಣೆಗೆ ಜನ ಅವರನ್ನೇ ಪುರಸಭೆಗೆ ಕಳಿಸಿದರು. ಅಲ್ಲಿಂದ ಐದು ವರ್ಷಕ್ಕೆ ವಿಧಾನಸಭೆಗೆ. ಎರಡು ಅವಧಿ ಶಾಸಕಿ. ಸಭೆಯಲ್ಲಿ ಮೈಕು ಕೆಟ್ಟ ದಿನ ಸಭಾಧ್ಯಕ್ಷರೇ, "ಅಕ್ಕ ಮೊದಲು ಮಾತಾಡಲಿ, ಅಷ್ಟರಲ್ಲಿ ಇದನ್ನ ರಿಪೇರಿ ಮಾಡ್ತಾರೆ," ಅಂದದ್ದುಂಟು.

ಆ ಹತ್ತು ವರ್ಷ ಮನೆಯ ಮುಂದೆ ಬೆಳಗಾದರೆ ಸಾಲು. ಆಸ್ಪತ್ರೆಯಲ್ಲಿ ಹಾಸಿಗೆ ಬೇಕಾದವರು, ನಲ್ಲಿ ಬೇಕಾದವರು, ಮಗಳಿಗೆ ಶಾಲೆಯಲ್ಲಿ ಜಾಗ ಬೇಕಾದವರು. ಎಲ್ಲರಿಗೂ ಬೇಕಾಗಿದ್ದದ್ದು ಅಕ್ಕನ ಒಂದು ಕಾಗದ. ಅಕ್ಕ ಪ್ರವಾಸದಲ್ಲಿದ್ದಾಗ ಯಾರೂ ಬರಿಗೈಲಿ ಹೋಗಬಾರದೆಂದು ಒಂದು ರೂಢಿ ಮಾಡಿಕೊಂಡಿದ್ದರು: ವಾರಕ್ಕೊಮ್ಮೆ, ಚಹಾ ಕುಡಿಯುತ್ತ, ಐವತ್ತು ಖಾಲಿ ಲೆಟರ್‌ಹೆಡ್ಡುಗಳಿಗೆ ಮೊದಲೇ ಸಹಿ ಮಾಡಿ ತಮ್ಮ ಸಹಾಯಕನ ಕೈಗೆ ಕೊಡುವುದು. ಬಂದವರ ಕಷ್ಟ ಕೇಳಿ ಅವನು ಮೇಲಿನ ಸಾಲು ತುಂಬುವುದು. ಚುರುಕು ಹುಡುಗ, ಅಕ್ಷರ ಮುತ್ತಿನಂಥದ್ದು. ಆ ಹಾಳೆಗಳಿಂದ ಎಷ್ಟೋ ಜನಕ್ಕೆ ಒಳ್ಳೆಯದಾಯಿತು, ಅದು ಸುಳ್ಳಲ್ಲ. ದಾರಿಯಲ್ಲಿ ಯಾರೋ ನಿಲ್ಲಿಸಿ, "ಅಕ್ಕಾ, ನಿಮ್ಮ ಕಾಗದದಿಂದ ನನ್ನ ತಾಯಿ ಬದುಕಿದ್ಲು," ಎಂದಾಗ ಅಕ್ಕನಿಗೆ ಆ ತಾಯಿ ಯಾರೆಂದು ಗೊತ್ತಿಲ್ಲದಿದ್ದರೂ ಕಣ್ಣು ತುಂಬಿ ಬರುತ್ತಿತ್ತು.

ಮೂರನೇ ಚುನಾವಣೆಯಲ್ಲಿ ಆರುನೂರು ಮತಗಳಲ್ಲಿ ಸೋತರು. ಅದರ ಮುಂದಿನದರಲ್ಲಿ ಅದೇ ಕ್ಷೇತ್ರದಿಂದ ಆ ಚುರುಕು ಹುಡುಗ ಗೆದ್ದ, ಸಾರಿಗೆ ಮಂತ್ರಿಯಾದ, ತಾನು ಸಹಾಯಕನಾಗಿದ್ದ ಅದೇ ಅಕ್ಕನನ್ನು ಮೋಟಾರು ವಾಹನ ಇಲಾಖೆಗೆ ಆಯುಕ್ತೆಯಾಗಿ ನೇಮಿಸಿದ. ಋಣ ತೀರಿಸಿದ ಎಂದರು ಕೆಲವರು. ಒಂದು ಮೂಲೆಯಲ್ಲಿ ಪಾರ್ಕ್ ಮಾಡಿದ ಎಂದರು ಉಳಿದವರು. "ಪಾರ್ಕ್ ಮಾಡಿರಬಹುದು, ಇಂಜಿನ್ ಆಫ್ ಮಾಡಿಲ್ಲ," ಎಂದು ಅಕ್ಕ ನಕ್ಕಿದ್ದರು. ಬಂದ ವರ್ಷವೇ ದಲ್ಲಾಳಿಗಳನ್ನು ಕಾರಿಡಾರಿನಿಂದ ಓಡಿಸಿದರು, ಪರೀಕ್ಷೆಗೆ ಬಂದವರಿಗೆ ನೆರಳು, ಬೆಂಚು, ಕುಡಿಯುವ ನೀರು ಮಾಡಿಸಿದರು. ಈಗ ನಾಲ್ಕನೇ ವರ್ಷ. ಬರುವ ಚುನಾವಣೆಗೆ ಪಕ್ಷ ಮತ್ತೆ ಅವರಿಗೆ ಪಕ್ಕದ ಕ್ಷೇತ್ರದ ಟಿಕೆಟ್ ಕೊಡುತ್ತದೆಂಬ ಮಾತು ಎಲ್ಲೆಡೆ ಇತ್ತು. ಅಕ್ಕನಿಗೂ ಆಸೆಯಿತ್ತು. ಯಾಕಿರಬಾರದು?

"ಇದು ಒಂದೇನಾ?" ಎಂದು ಕೇಳಿದರು.

"ನಲವತ್ತೊಂದು, ಮೇಡಂ. ಎಲ್ಲಾ ಆ ಒಂದೇ ವರ್ಷದ್ದು. ಉಳಿದ ನಲವತ್ತು ನನ್ನ ಬೀರುವಿನಲ್ಲಿದೆ."

"ಕಡತದಿಂದ ಹಾಳೆ ಕಿತ್ರಾ? ನೀವಾ?" ಕಡತದಲ್ಲಿ ಒಂದು ಗುಂಡುಸೂಜಿ ಕಡಿಮೆಯಾದರೂ ಮೂರು ಮಹಡಿ ಹತ್ತಿ ಬಂದು ಕೇಳುವ ಮನುಷ್ಯ ಇವರು.

ಗುಮಾಸ್ತರು ತಲೆ ತಗ್ಗಿಸಿದರು.

"ಹಾಳೆ ಇಲ್ದೆ ಹೋದ್ರೆ ರಿಜಿಸ್ಟರಿನಲ್ಲಿ ಏನು ಉಳಿಯುತ್ತೆ?"

"‘ಪರೀಕ್ಷೆಯಿಲ್ಲದೆ ಮಂಜೂರು’ ಅಂತ. ಪಕ್ಕದಲ್ಲಿ ನನ್ನ ಚಿಕ್ಕ ಸಹಿ."

"ಆಗಿನ ಅಧಿಕಾರಿ?"

"ಬಾಯಲ್ಲಿ ಹೇಳಿದ್ರು ಅಷ್ಟೇ. ಅವರು ತೀರ್ಕೊಂಡು ಆರು ವರ್ಷ ಆಯ್ತು."

ಅಂದರೆ ಮುಂದೆ ಯಾರಾದರೂ ಕೆದಕಿದರೆ ಸಿಕ್ಕಿಬೀಳುವವರು ಈ ಒಬ್ಬರೇ. ಕೊನೆಯ ಮೂರು ತಿಂಗಳಲ್ಲಿ ಅಮಾನತು, ವಿಚಾರಣೆ, ಮೂವತ್ತೆಂಟು ವರ್ಷದ ಸೇವೆಗೆ ಮಸಿ.

"ಗೊತ್ತಿದ್ದೂ ತಂದ್ರಲ್ಲ!"

"ನನ್ನದು ಮುಗೀತು ಮೇಡಂ. ನೀವಿನ್ನೂ ನಿಲ್ಲೋರು, ಗೆಲ್ಲೋರು." ಗುಮಾಸ್ತರು ಹಾಳೆಯ ಅಂಚು ಸರಿಪಡಿಸುತ್ತ, "ಮೂವತ್ನಾಲ್ಕು ವರ್ಷ ಆ ದಫ್ತರದ ಕೋಣೇಲಿ ಹಗಲಲ್ಲೂ ದೀಪ ಹಾಕ್ಕೊಂಡು ಕೂತಿದ್ದೆ. ನೀವು ಬಂದು ಗೋಡೆ ಒಡೆಸಿ ಕಿಟಕಿ ಇಡಿಸಿಕೊಟ್ರಿ," ಎಂದರು. ಅದನ್ನು ಹೇಳುವಾಗ ಅವರ ದನಿ ಲೆಕ್ಕಪತ್ರ ಓದುವವರ ದನಿಯಂತೆಯೇ ಇತ್ತು.

ಅಕ್ಕ ಆ ಹಸಿರು ಸಹಿಯನ್ನು ನೋಡಿದರು. ಆ ದಿನ ಚಹಾ ಬಿಸಿಯಿತ್ತೋ ತಣ್ಣಗಿತ್ತೋ, ಐವತ್ತರಲ್ಲಿ ಇದು ಎಷ್ಟನೆಯದೋ. ಒಂದು ಕಣ್ಣಿನ ಮನುಷ್ಯ ಹದಿನೈದು ವರ್ಷ ದಿನಾ ನಲವತ್ತು ಮಕ್ಕಳನ್ನು ಕೂರಿಸಿಕೊಂಡು ಹೋಗಿದ್ದು ಈ ಗೆರೆಯ ಮೇಲೆ.

"ಉಳಿದ ನಲವತ್ತೂ ತನ್ನಿ. ಸೂಜಿ ದಾರಾನೂ ತನ್ನಿ. ಎಲ್ಲಿಂದ ಕಿತ್ರೋ ಅಲ್ಲೇ ಹೊಲೀರಿ, ನನ್ನ ಕಣ್ಣೆದುರಿಗೆ."

"ಮೇಡಂ, ಒಂದ್ಸಲ ಯೋಚನೆ ಮಾಡಿ..."

"ಯೋಚನೆ ಮಾಡ್ದೆ ಸಹಿ ಹಾಕಿದ್ದಕ್ಕೇ ಇಷ್ಟು ದೂರ ಬಂದಿರೋದು. ಹೊಲೀರಿ."

ಹೊಲಿಗೆ ಮುಗಿಯಲು ಮಧ್ಯಾಹ್ನವಾಯಿತು. ನಲವತ್ತೊಂದು ಜನರನ್ನೂ ಮರುಪರೀಕ್ಷೆಗೆ ಕರೆಯುವ ಆದೇಶವನ್ನು ಅಕ್ಕ ತಾವೇ ಬರೆದರು. ಚಾಲ್ತಿಯಲ್ಲಿರುವ ಲೈಸೆನ್ಸನ್ನು ಕಾರಣವಿಲ್ಲದೆ ಪ್ರಶ್ನಿಸುವಂತಿಲ್ಲ. ಆದೇಶದಲ್ಲಿ ಕಾರಣ ಬರೆಯಲೇಬೇಕು. ಅಕ್ಕ ಬರೆದರು: "ಆಗ ಶಾಸಕಿಯಾಗಿದ್ದ ನಾನು ಖಾಲಿ ಹಾಳೆಗಳಿಗೆ ಸಹಿ ಮಾಡಿ ಕೊಟ್ಟಿದ್ದರಿಂದ ಈ ಲೈಸೆನ್ಸುಗಳು ಪರೀಕ್ಷೆಯಿಲ್ಲದೆ ಹೊರಬಿದ್ದಿವೆ. ತಪ್ಪು ನನ್ನದು. ದಫ್ತರದ ಸಿಬ್ಬಂದಿ ಮೇಲಧಿಕಾರಿಯ ಮಾತಿನಂತೆ ನಡೆದುಕೊಂಡಿದ್ದಾರೆ." ಒಂದೊಂದು ಪ್ರತಿ ನಲವತ್ತೊಂದು ವಿಳಾಸಗಳಿಗೆ. ಒಂದು ಪ್ರತಿ ಕಚೇರಿಯ ಹೊರಗೋಡೆಯ ಬೋರ್ಡಿಗೆ. ಅಂಟಿಸಲು ಹೋದ ಜವಾನ ಓದಿ, ಮತ್ತೊಮ್ಮೆ ಓದಿ, ಒಳಗೆ ಬಂದು, "ಮೇಡಂ, ಇದನ್ನ ನಿಜವಾಗ್ಲೂ ಹೊರಗಡೆ ಅಂಟಿಸ್ಬೇಕಾ?" ಎಂದು ಕೇಳಿದ.

"ಕಣ್ಣಿನ ಮಟ್ಟಕ್ಕೆ ಅಂಟ್ಸಪ್ಪ. ಮೇಲೆ ಅಂಟಿಸಿದ್ರೆ ಕತ್ತು ನೋಯುತ್ತೆ ಓದೋರಿಗೆ."

ಮರುದಿನ ಬೆಳಗ್ಗೆ ಪತ್ರಿಕೆಗಳು ಆ ಸಾಲುಗಳನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದವು. ಹತ್ತೂವರೆಗೆ ಮಂತ್ರಿ ಸ್ವತಃ ಬಂದರು. ಜೊತೆಗಿದ್ದವರನ್ನೆಲ್ಲ ಹೊರಗೆ ನಿಲ್ಲಿಸಿ, ಕುರ್ಚಿಯ ತುದಿಯಲ್ಲಿ ಕುಳಿತರು.

"ಅಕ್ಕಾ, ನಿಮಗೇನು ಬಂದಿದೆ? ನನ್ನನ್ನ ಒಂದು ಮಾತು ಕೇಳ್ಬಾರ್ದಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ. ಆಮೇಲೆ ನಿನ್ನ ಮಾತು ಮೀರಿದ ಹಾಗಾಗ್ತಿತ್ತು. ಈಗ ನೋಡು, ಹಾಗಾಗಿಲ್ಲ."

"ತಮಾಷೆ ಬೇಡಕ್ಕ. ಮರುಪರೀಕ್ಷೆ ಮಾಡ್ಸಿ, ಯಾರು ಬೇಡ ಅಂದ್ರು? ಕಾರಣ ಮಾತ್ರ ಬದಲಾಯಿಸಿ. ‘ಗುಮಾಸ್ತರ ಲೋಪದಿಂದ’ ಅಂತ. ಎರಡೇ ಶಬ್ದ. ಆ ಹಳೇ ಹಾಳೆಗಳು ಎಲ್ಲೋ ಕಳೆದುಹೋದ್ವು ಅಂದ್ಕೊಳ್ಳಿ. ಯಾರಿಗೂ ನೋವಿಲ್ಲ."

"ಗುಮಾಸ್ತರಿಗೆ?"

"ಅವರಿಗೆ ಆಮೇಲೆ ಏನಾದ್ರೂ ಮಾಡೋಣ."

"ಏನಾದ್ರೂ ಅಂದ್ರೆ ಏನು?"

ಮಂತ್ರಿ ಫ್ಯಾನಿನ ಕಡೆ ನೋಡಿದರು. ಫ್ಯಾನು ಏನೂ ಹೇಳಲಿಲ್ಲ.

"ಟಿಕೆಟ್ ಪಟ್ಟಿ ಬರೋ ತಿಂಗಳು ಹೊರಗೆ ಬರುತ್ತೆ," ಎಂದರು ದನಿ ತಗ್ಗಿಸಿ. "ನಿಮ್ಮ ಹೆಸರು ಮೇಲೇ ಇದೆ. ನಾನೇ ಬರೆದಿದೀನಿ."

"ನಿನ್ನ ಅಕ್ಷರ ಮೊದಲಿಂದ್ಲೂ ಚೆನ್ನಾಗಿದೆ," ಎಂದರು ಅಕ್ಕ.

ಮಂತ್ರಿ ಕಡತಗಳ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು. "ಅದನ್ನೂ ಹೇಳ್ತೀರಾ?"

"ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳಲ್ಲ. ನಾನಾಗಿ ಹೇಳಲ್ಲ. ನಿನಗಾಗ ಇಪ್ಪತ್ತೈದು ವರ್ಷ. ತುಂಬು ಅಂತ ಖಾಲಿ ಹಾಳೆ ಕೊಟ್ಟೋಳು ನಾನು."

"ಹಾಗಾದ್ರೆ ಗೌರವವಾಗಿ ರಾಜೀನಾಮೆ ಕೊಟ್ಬಿಡಿ. ಇಲ್ಲಿಗೇ ಮುಗಿಯುತ್ತೆ."

"ಕೊಟ್ರೆ ಮುಗಿಯೋದು ಏನು ಅಂತ ನನಗೆ ಗೊತ್ತಿಲ್ವಾ? ನಾನು ಎದ್ದು ಹೋದ ಮಧ್ಯಾಹ್ನವೇ ಈ ಕುರ್ಚಿಗೆ ಬರೋನು ಆ ಆದೇಶ ಹರೀತಾನೆ. ಎರಡು ಶಬ್ದ ಬರೀತಾನೆ. ಇಲ್ಲಪ್ಪ. ನಾನು ಕೊಡಲ್ಲ. ಬೇಕಾದ್ರೆ ನೀನೇ ತೆಗಿ. ತೆಗೆಯೋಕೆ ಕಾಗದ ಬೇಕು, ಕಾಗದಕ್ಕೆ ಕಾರಣ ಬೇಕು. ‘ತನ್ನ ತಪ್ಪು ತಾನೇ ಒಪ್ಪಿಕೊಂಡಿದ್ದಕ್ಕೆ’ ಅಂತ ಬರಿ, ನೋಡೋಣ. ನಾನೇ ಸಹಿ ಮಾಡಿ ತಗೋತೀನಿ."

ಅಷ್ಟು ಹೊತ್ತಿಗೆ ಅಕ್ಕನ ದನಿ ಏರಿತ್ತು. ಹೊರಗೆ ಕಾರಿಡಾರಿನಲ್ಲಿ ಟೈಪಿಂಗಿನ ಸದ್ದೂ ನಿಂತಿತ್ತು.

ಮಂತ್ರಿ ಎದ್ದರು. ಬಾಗಿಲ ತನಕ ಹೋದವರು ಯಾಕೋ ಹಿಂದಕ್ಕೆ ಬಂದು, ಮೇಜಿನ ಮೇಲೆ ಒಡೆಯದೆ ಬಿದ್ದಿದ್ದ ರಕ್ತದೊತ್ತಡದ ಮಾತ್ರೆಯ ಪಟ್ಟಿಯನ್ನೂ ನೀರಿನ ಲೋಟವನ್ನೂ ಅಕ್ಕನ ಕೈಗೆಟಕುವಂತೆ ಸರಿಸಿ ಹೊರಟುಹೋದರು. ಅಕ್ಕ ಮಾತ್ರೆ ನುಂಗಿದರು. ಕಣ್ಣೊರೆಸಿಕೊಂಡದ್ದನ್ನು ಯಾರೂ ನೋಡಲಿಲ್ಲ.

ಸಂಜೆ ಮನೆಯಲ್ಲಿ ಗಂಡ ಪತ್ರಿಕೆ ಮಡಿಸಿಟ್ಟು, "ನಲವತ್ತು ವರ್ಷದಿಂದ ನಿನ್ನ ಹಾರ್ನ್ ಕೇಳ್ತಿದೀನಿ. ಬ್ರೇಕ್ ಮಾತ್ರ ಇನ್ನೂ ನೋಡಿಲ್ಲ," ಎಂದರು.

"ಈಗ ಹಿಡೀಬೇಕಿತ್ತು ಅಂತೀರಾ?"

"ಇಳಿಜಾರಲ್ಲಿ ಅರ್ಧಕ್ಕೆ ಹಿಡಿದ್ರೆ ಜಾರುತ್ತೆ. ಗೇರಲ್ಲೇ ಇಳೀಬೇಕು." ಸ್ಕೂಲು ಮುಚ್ಚಿ ವರ್ಷಗಳಾದರೂ ಅವರ ಮಾತು ಪಾಠದ ಧಾಟಿ ಬಿಟ್ಟಿರಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತ, "ನಮ್ಮ ಹಳೇ ಕಾರಿನ ಬ್ಯಾಟರಿ ಚಾರ್ಜಿಗೆ ಹಾಕಿ ಬರ್ತೀನಿ. ಇಲಾಖೆ ಕಾರು ಇನ್ನೆಷ್ಟು ದಿನವೋ," ಎಂದು ಹೊರಟರು.

ಮರುಪರೀಕ್ಷೆ ಮುಂದಿನ ಸೋಮವಾರ ಶುರುವಾಯಿತು. ಕಚೇರಿಯ ಹಿಂದಿನ ಮೈದಾನದಲ್ಲಿ ಬಿಳಿ ಸುಣ್ಣದ ಗೆರೆ, ನೆಟ್ಟ ಕಂಬಗಳು, ಎಂಟರ ಆಕಾರದ ದಾರಿ, ಹಿಂದಕ್ಕೆ ಬಂದು ನಿಲ್ಲಿಸಬೇಕಾದ ಚೌಕ. ಪರೀಕ್ಷೆ ಮಾಡುವವಳು ಬ್ರೇಕ್ ಇನ್ಸ್‌ಪೆಕ್ಟರ್ ಹುಡುಗಿ. ಕುರ್ಚಿ ಹಾಕಿಕೊಂಡು ಕೂರುವವರು ಅಕ್ಕ. ದಿನಕ್ಕೆ ಒಂಬತ್ತೋ ಹತ್ತೋ ಜನ. ಬಂದವರು ಸಿಟ್ಟಿನಿಂದಲೇ ಬಂದರು.

"ಹದಿನೈದು ವರ್ಷ ಲಾರಿ ಓಡ್ಸಿದ ಮೇಲೆ ಎಂಟು ಹಾಕಿಸ್ತೀರಾ ಅಕ್ಕಾ? ಮದುವೆಯಾಗಿ ಮಕ್ಕಳಾದ್ಮೇಲೆ ಹೆಣ್ಣು ನೋಡೋ ಶಾಸ್ತ್ರ ಮಾಡಿದ ಹಾಗಾಯ್ತು!" ಎಂದೊಬ್ಬ. ಎಲ್ಲರೂ ನಕ್ಕರು, ಅಕ್ಕನೂ. ಅವನು ಒಂದು ಕಂಬವನ್ನೂ ಮುಟ್ಟದೆ ಎಂಟು ಹಾಕಿದ. ಬಹುಪಾಲು ಜನ ಹಾಗೇ, ಗೆದ್ದು ಹೋದರು. ಸೋತವರು ಸೋತರು, ಅವರಿಗೆ ಮತ್ತೆ ಕಲಿತು ಬರಲು ಆರು ತಿಂಗಳು.

ಎರಡನೇ ದಿನ ಶಾಲಾ ಬಸ್ಸಿನವನ ಸರದಿ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಅಕ್ಕನ ಎದುರು ನಿಂತು, "ನಿಮ್ಮ ಸಹಿ ಅಮ್ಮಾ. ಆ ಕಾಗದ ಕೊಟ್ಟ ದಿನ ನನ್ನ ಹೆಂಡತಿ ಬೀದಿಗೆಲ್ಲಾ ಸಿಹಿ ಹಂಚಿದ್ಲು. ಹದಿನೈದು ವರ್ಷ, ಒಂದು ಮಗುವಿಗೆ ಒಂದು ಗೀರು ಬಿದ್ದಿಲ್ಲ. ಕೇಳಿ ಬೇಕಾದ್ರೆ," ಎಂದ.

"ಕೇಳಿದೀನಿ. ಶಾಲೆಯವರು ನಿನ್ನ ಮೇಲೆ ಒಂದು ದೂರೂ ಹೇಳಲಿಲ್ಲ," ಎಂದರು ಅಕ್ಕ. "ಓಡಿಸಪ್ಪ, ನೋಡೋಣ."

ಎಂಟು ಹಾಕಿದ. ಹಿಂದಕ್ಕೆ ತಂದು ಚೌಕದೊಳಗೆ ನಿಲ್ಲಿಸಿದ. ನೋಡುತ್ತಿದ್ದವರು ಸಿಳ್ಳೆ ಹಾಕಿದರು. ಬ್ರೇಕ್ ಇನ್ಸ್‌ಪೆಕ್ಟರ್ ಹುಡುಗಿ ಅಕ್ಕನ ಮುಖ ನೋಡಿದಳು. ಇಷ್ಟಕ್ಕೆ ಬಿಡಬಹುದಿತ್ತು. ಬಿಟ್ಟಿದ್ದರೆ ಮೈದಾನವೆಲ್ಲ ಜೈ ಎನ್ನುತ್ತಿತ್ತು. ಅಕ್ಕ ಎದ್ದು, ಗುಜರಿಗೆ ಹಾಕಿದ್ದ ಹಳೇ ಸೈಕಲ್ಲೊಂದನ್ನು ತರಿಸಿ, ಅವನು ಈ ಕಡೆ ನೋಡದಿರುವಾಗ ದಾರಿಯ ಎಡಬದಿಯ ತಿರುವಿನಲ್ಲಿ ನಿಲ್ಲಿಸಿದರು.

"ಇನ್ನೊಂದು ಸುತ್ತು."

ಬಸ್ಸು ನಿಧಾನವಾಗಿ, ಅಚ್ಚುಕಟ್ಟಾಗಿ ಬಂತು. ತಿರುವಿನಲ್ಲಿ ಎಡಕ್ಕೆ ಹೊರಳಿತು. ಸೈಕಲ್ಲು ಗಾಲಿಯಡಿಗೆ ಹೋಗಿ ಕರಕರನೆ ಮುರಿಯಿತು. ಬಸ್ಸು ಹತ್ತು ಮಾರು ಮುಂದೆ ಹೋದ ಮೇಲೆ ನಿಂತಿತು. ಅವನು ಕಿಟಕಿಯಿಂದ ತಲೆ ಹೊರಹಾಕಿ, "ಏನಮ್ಮಾ ಸದ್ದು?" ಎಂದು ಕೇಳಿದ.

ಅವನೇ ಇಳಿದು ಬಂದು ನೋಡಿದ. ಚಪ್ಪಟೆಯಾದ ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿದ. ಎದ್ದು ನಿಂತಾಗ ಅವನ ಮುಖ ಬೇರೆಯೇ ಆಗಿತ್ತು.

"ಆವತ್ತೇ ಬೇಡ ಅನ್ಬೇಕಿತ್ತು ನೀವು," ಎಂದ. "ಆವತ್ತು ನನಗೆ ಮೂವತ್ತು ವರ್ಷ. ಬೇರೆ ಏನಾದ್ರೂ ಕಲೀತಿದ್ದೆ. ಈಗ ಹೇಳ್ತೀರಿ! ಈಗ ಎಲ್ಲಿಗೆ ಹೋಗ್ಲಿ?"

"ಹೌದು. ಆವತ್ತೇ ಅನ್ಬೇಕಿತ್ತು," ಎಂದರು ಅಕ್ಕ. "ಬಸ್ಸಿನ ಒಳಗೆ ಮಕ್ಕಳನ್ನ ನೋಡ್ಕೊಳ್ಳೋ ಕೆಲಸ ನಿನಗೆ ಕೊಡಿ ಅಂತ ಶಾಲೆಯವರನ್ನ ನಾನೇ ಹೋಗಿ ಕೇಳ್ತೀನಿ."

"ಕಾಗದ ಬರ್ಕೊಡ್ತೀರಾ?" ಎಂದು ಅವನು ಹಲ್ಲು ಕಚ್ಚಿ ಕೇಳಿದ. ಅದು ನಾಟಬೇಕಾದಲ್ಲೇ ನಾಟಿತು.

"ಇಲ್ಲ. ನಡ್ಕೊಂಡು ಹೋಗಿ ಕೇಳ್ತೀನಿ."

ಅವನು ಲೈಸೆನ್ಸನ್ನು ಮೇಜಿನ ಮೇಲೆ ಎಸೆದು ಹೊರಟ. ಗೇಟಿನ ಹತ್ತಿರ ನಿಂತ ಇಲಾಖೆಯ ಕಾರಿನ ಬಳಿ ಕಾಲು ತಡೆದು, ಈ ಕಡೆ ತಿರುಗದೆಯೇ ಕೂಗಿದ: "ನಿಮ್ಮ ಕಾರಿನ ಹಿಂದಿನ ಬಲಗಾಲಿಗೆ ಗಾಳಿ ಕಡಿಮೆ ಇದೆ. ನೋಡಿಸ್ಕೊಂಡು ಹೋಗಿ." ಸಿಟ್ಟು ಹಾಗೇ ಇತ್ತು. ಆದರೂ ಹೇಳಿದ. ಅಕ್ಕ ಆ ಸಂಜೆ ಶಾಲೆಗೆ ಹೋದರು. ಯೋಚಿಸುತ್ತೇವೆ ಎಂದರು ಶಾಲೆಯವರು. ಮತ್ತೆ ಮರುದಿನ ಹೋದರು.

ಅಷ್ಟರಲ್ಲಿ ಟಿಕೆಟ್ ಪಟ್ಟಿಯಿಂದ ಹಾರ್ನ್ ಅಕ್ಕನ ಹೆಸರು ಕೈಬಿಟ್ಟ ಸುದ್ದಿ ಬಂತು. ಪಕ್ಷದ ಕಚೇರಿಯಿಂದ ಯಾರೋ ಫೋನು ಮಾಡಿ, ಬೇಸರ ಮಾಡಿಕೊಳ್ಳಬೇಡಿ ಎಂದರು. ಬೇಸರವೇನೋ ಆಯಿತು. ಆ ಮಧ್ಯಾಹ್ನ ಅಕ್ಕನ ಮೇಜಿನ ಮೇಲೆ, ಯಾರು ಇಟ್ಟರೋ, ಮುಚ್ಚಳ ಮುಚ್ಚಿದ ಲೋಟದಲ್ಲಿ ಬಿಸಿ ಚಹಾ ಇತ್ತು. ಲೋಟದಡಿಯಲ್ಲಿ ಹಾಳೆ ಒದ್ದೆಯಾಗದಂತೆ ಮಡಿಸಿಟ್ಟ ರಟ್ಟು ನೋಡಿದರೆ ಅದು ದಫ್ತರದ ಗುಮಾಸ್ತರ ಕೆಲಸವೇ.

ಶುಕ್ರವಾರಕ್ಕೆ ಮೂರು ಜನ ಉಳಿದಿದ್ದರು. ಹತ್ತು ಐವತ್ತಕ್ಕೆ ಸಚಿವಾಲಯದ ದೂತ ಸ್ಕೂಟರಿನಲ್ಲಿ ಬಂದ. ಬಿಸಿಲಲ್ಲಿ ಬೆವತು, ಕಂಕುಳಲ್ಲಿ ಲಕೋಟೆ ಅವುಚಿಕೊಂಡಿದ್ದ.

"ಮೇಡಂ, ಆದೇಶ. ತಕ್ಷಣ ಕೊಡ್ಬೇಕಂತೆ."

ಕಾರಿಡಾರಿನ ಬಾಗಿಲಲ್ಲಿ ದಫ್ತರದ ಗುಮಾಸ್ತರು ಬಂದು ನಿಂತರು. ಅಕ್ಕ ಲಕೋಟೆ ಒಡೆದು, ಕನ್ನಡಕ ಏರಿಸಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಅವರನ್ನು ಹುದ್ದೆಯಿಂದ ತೆಗೆದ ಆದೇಶ. ಕಾರಣದ ಜಾಗದಲ್ಲಿ ‘ಆಡಳಿತಾತ್ಮಕ ಕಾರಣಗಳಿಗಾಗಿ’ ಎಂದಿತ್ತು. ಗುಮಾಸ್ತರ ಹೆಸರು ಎಲ್ಲಿಯೂ ಇರಲಿಲ್ಲ. ಅಷ್ಟನ್ನು ಖಚಿತಪಡಿಸಿಕೊಂಡು ಅವರು ಬಾಗಿಲ ಕಡೆ ನೋಡಿ ತಲೆಯಾಡಿಸಿದರು. ಮೂವತ್ತೆಂಟು ವರ್ಷದಲ್ಲಿ ಆ ಬಾಗಿಲಿಗೆ ಒಮ್ಮೆಯೂ ಒರಗದ ಮನುಷ್ಯ ಅದಕ್ಕೆ ಒರಗಿ ನಿಂತರು.

"ಇಲ್ಲಿ ಸ್ವೀಕೃತಿ ಹಾಕಿಕೊಡಿ ಮೇಡಂ," ಎಂದ ದೂತ. "ನಿಮ್ಮ ಜಾಗಕ್ಕೆ ಬರೋ ಸಾಹೇಬರು ದಾರೀಲಿದಾರೆ. ಈಗ್ಲೇ ಎಲ್ಲಾ ನಿಲ್ಲಿಸ್ಬೇಕು ಅಂತ ಹೇಳಿಕಳಿಸಿದಾರೆ."

"ಹೇಳಿ ಕಳಿಸಿದಾರೆ. ಬರೆದು ಕಳಿಸಿಲ್ಲ," ಎಂದರು ಅಕ್ಕ, ಹಾಳೆಯ ಮೇಲೆ ಬೆರಳಿಟ್ಟು. "ಬರೆದಿರೋದು ಇದು: ‘ಈ ದಿನ ಮಧ್ಯಾಹ್ನ ಹನ್ನೆರಡರಿಂದ ಜಾರಿ.’ ಈಗೆಷ್ಟು ಗಂಟೆ?"

ದೂತ ಕೈಗಡಿಯಾರ ನೋಡಿಕೊಂಡ. "ಹನ್ನೊಂದಕ್ಕೆ ಐದು ನಿಮಿಷ."

"ಹನ್ನೆರಡರ ತನಕ ಈ ಕುರ್ಚಿ ನನ್ನದು. ನಿಮ್ಮ ಸಾಹೇಬರು ಬಂದ್ರೆ ಆ ನೆರಳಲ್ಲಿ ಬೆಂಚಿದೆ, ಕೂತ್ಕೊಳ್ಳಲಿ. ನೀನೂ ಕೂತ್ಕೋ, ಬೆವತುಹೋಗಿದೀಯ. ಅಲ್ಲಿ ತಣ್ಣನೆ ನೀರಿದೆ, ಕುಡಿ." ಆಮೇಲೆ ಬ್ರೇಕ್ ಇನ್ಸ್‌ಪೆಕ್ಟರ್ ಹುಡುಗಿಯತ್ತ ತಿರುಗಿದರು. "ಒಬ್ಬೊಬ್ಬರಿಗೆ ಎಷ್ಟು ಹೊತ್ತು ಬೇಕು?"

"ಇಪ್ಪತ್ತು ನಿಮಿಷ, ಮೇಡಂ. ಆತುರ ಮಾಡಿದ್ರೆ ಹತ್ತರಲ್ಲಿ ಮುಗಿಸ್ಬಹುದು."

"ಆತುರ ಬೇಡ. ಒಂದು ಕಂಬಾನೂ ಬಿಡಬೇಡ."

ಇಂಜಿನಿನ ಸದ್ದಿಗಿಂತ ಜೋರಾಗಿ, ಕಾರಿಡಾರಿನ ಕಿಟಕಿಗಳಿಗೆಲ್ಲ ಕೇಳುವಂತೆ ಅಕ್ಕ ಕೂಗಿದರು.

"ಮೂವತ್ತೊಂಬತ್ತನೆಯವರು ಯಾರು? ಬನ್ನಿ, ಹತ್ತಿ!"